ಹುಸಿಕೈನೇಸ್‌ಗಳನ್ನು ‘ನಿಷ್ಕ್ರಿಯ ಜೀನ್’ ಎನ್ನುವುದು ತಪ್ಪು

ಮಾನ್ಯ ಸಂಪಾದಕರೇ,

ತಮ್ಮ ಆರೋಗ್ಯ ಪುರವಣಿಯಲ್ಲಿ ಈಚೆಗೆ ರಕ್ತದ ಕ್ಯಾನ್ಸರ್ ಕುರಿತು ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ರೋಗಿಗಳ ಮತ್ತು ಅವರ ಮನೆಯವರ ಪಾಡನ್ನು ಲೇಖಕರು ಕಕ್ಕುಲತೆಯಿಂದ ಬರೆದಿದ್ದಾರೆ. ಅದಕ್ಕೆ ನಾನು ಕೃತಜ್ಞ. ಆದರೆ ‘ಸೂಡೋಕೈನೇಸ್ ಎಂಬ ಐವತ್ತರಷ್ಟು ನಿಷ್ಕ್ರಿಯ ಜೀನ್‌ಗಳು ನಮ್ಮ ದೇಹದಲ್ಲಿದ್ದು, ಅವುಗಳಿಂದ ಯಾವ ಕೆಲಸವೂ ನಡೆಯುವುದಿಲ್ಲ’ ಎಂದು ಅದರಲ್ಲಿ ಬಂದಿರುವ ಒಂದು ವಾಕ್ಯ ಸರಿಯಲ್ಲ. ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಜೀವರಸಾಯನಶಾಸ್ತ್ರ ಕಲಿಸಿದವನು ಎಂಬ ಕಾರಣಕ್ಕೆ ಮಾತ್ರವಲ್ಲ, ಅಂಥದೊಂದು ‘ನಿಷ್ಕ್ರಿಯ’ ಭಾಗ ಕೆಟ್ಟಿದ್ದರಿಂದಲೇ ನನ್ನ ಸ್ವಂತ ಅಣ್ಣ ಕಾಯಿಲೆ ಬಿದ್ದದ್ದನ್ನು ಕಂಡವನು ಎಂಬ ಕಾರಣಕ್ಕೂ ಈ ಪತ್ರ ಬರೆಯುತ್ತಿದ್ದೇನೆ. ವಿಷಯ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು, ಆದ್ದರಿಂದ ಪತ್ರ ದೀರ್ಘವಾಗಿದೆ, ಮನ್ನಿಸಬೇಕು.

ಜೀವಕೋಶದೊಳಗೆ ಒಂದು ಸುದ್ದಿ ಹೊರಗಿನಿಂದ ಒಳಕ್ಕೆ ತಲುಪುವುದು ಬಹುಮಟ್ಟಿಗೆ ಕೈನೇಸ್ ಎಂಬ ಕಿಣ್ವಗಳ ಮೂಲಕ. ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟನ್ನು ಕಿತ್ತು ಮತ್ತೊಂದು ಪ್ರೋಟೀನಿಗೆ ಅಂಟಿಸುವುದು ಅವುಗಳ ಕೆಲಸ. ಹಾಗೆ ಫಾಸ್ಫೇಟ್ ಅಂಟಿದ ಪ್ರೋಟೀನು ಎಚ್ಚೆತ್ತುಕೊಳ್ಳುತ್ತದೆ ಇಲ್ಲವೇ ಸುಮ್ಮನಾಗುತ್ತದೆ. ಈ ಕೆಲಸಕ್ಕೆ ಅನಿವಾರ್ಯವೆಂದು ತಿಳಿಯಲಾಗಿದ್ದ ಕೆಲವು ಅಮೈನೋ ಆಮ್ಲಗಳು, ಎಂದರೆ ಪ್ರೋಟೀನಿನ ಸರಪಣಿಯ ಕೊಂಡಿಗಳು, ಎಲ್ಲ ಕೈನೇಸ್‌ಗಳಲ್ಲಿಯೂ ಗೊತ್ತಾದ ಸ್ಥಾನಗಳಲ್ಲೇ ಇರುತ್ತವೆ. 2002ರಲ್ಲಿ ಮಾನವ ಜೀನೋಮಿನ ಕರಡನ್ನು ಜಾಲಾಡಿ 518 ಕೈನೇಸ್ ಜೀನ್‌ಗಳ ಪಟ್ಟಿ ಮಾಡಿದಾಗ, ಅವುಗಳಲ್ಲಿ ಸುಮಾರು ಐವತ್ತರಲ್ಲಿ ಈ ಅನಿವಾರ್ಯ ಆಮ್ಲಗಳಲ್ಲಿ ಕನಿಷ್ಠ ಒಂದು ಕಾಣೆಯಾಗಿತ್ತು. ನೋಡುವುದಕ್ಕೆ ಕೈನೇಸ್, ಕೈನೇಸಿನ ಕೆಲಸಕ್ಕೆ ಬೇಕಾದ ಸಲಕರಣೆ ಮಾತ್ರ ಇಲ್ಲ. ಆದ್ದರಿಂದ ಅವನ್ನು ಸೂಡೋಕೈನೇಸ್, ಎಂದರೆ ಹುಸಿಕೈನೇಸ್ ಎಂದು ಕರೆದರು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಶ್ರೀನಿವಾಸನ್ ಅವರ ಗುಂಪು ಕೂಡ ಮಾನವನ ಕೈನೇಸ್‌ಗಳ ಪಟ್ಟಿಯನ್ನು ಸಿದ್ಧಪಡಿಸಿ, ವಾಡಿಕೆಯ ಅಚ್ಚಿಗೆ ಹೊಂದದ ಕೈನೇಸ್‌ಗಳ ಕಡೆಗೆ ವಿಶೇಷವಾಗಿ ಗಮನ ಸೆಳೆದಿತ್ತು. 2021ರಲ್ಲಿ ತೀರಿಕೊಂಡ ಆ ವಿಜ್ಞಾನಿಯ ಕೆಲಸ ಕನ್ನಡದ ಓದುಗರಿಗೆ ಇನ್ನಷ್ಟು ಪರಿಚಯವಾಗಬೇಕಿತ್ತು ಎಂಬುದು ನನ್ನ ಬಹುಕಾಲದ ಅನಿಸಿಕೆ.

ಹೆಸರಿನಲ್ಲಿ ‘ಹುಸಿ’ ಬಂದದ್ದರಿಂದಲೇ ಗೊಂದಲ ಶುರುವಾಯಿತು. ಆ ಮಾತಿನ ಅರ್ಥ ಫಾಸ್ಫೇಟ್ ಅಂಟಿಸುವ ಕೆಲಸ ಇಲ್ಲ ಎಂದಷ್ಟೇ ಹೊರತು ಯಾವ ಕೆಲಸವೂ ಇಲ್ಲ ಎಂದಲ್ಲ. ನಾನು ಹುಟ್ಟಿದ ಚನ್ನಗಿರಿ ತಾಲ್ಲೂಕಿನವರಿಗೆ ಇದನ್ನು ಹೇಳುವುದು ಸುಲಭ. ಕೆರೆಯ ತೂಬನ್ನು ಎತ್ತಿ ಇಳಿಸುವ ನೀರಗಂಟಿ ಉಳುವುದಿಲ್ಲ, ಬಿತ್ತುವುದಿಲ್ಲ, ಕಳೆ ಕೀಳುವುದಿಲ್ಲ. ಆದರೆ ಅವನು ತೂಬನ್ನು ತೆರೆದಿಟ್ಟು ಹೋದರೆ ಅಚ್ಚುಕಟ್ಟಿನ ಗದ್ದೆಯೆಲ್ಲ ಕೊಚ್ಚಿಹೋಗುತ್ತದೆ. ರಕ್ತಕಣಗಳ ಹುಟ್ಟಿನಲ್ಲಿ ಹುಸಿಕೈನೇಸ್‌ಗಳಿಗೆ ಇರುವುದು ಬಹುಪಾಲು ಇಂಥ ಹೊಣೆಯೇ.

ಆರೋಗ್ಯವಂತ ವಯಸ್ಕರ ಅಸ್ಥಿಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಒಂದೊಂದು ಕಣದ ಆಯಸ್ಸು 120 ದಿನ. ಸತ್ತಷ್ಟೇ ಹುಟ್ಟಬೇಕು, ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಈ ಲೆಕ್ಕವನ್ನು ಹಿಡಿಯುವುದು ಮೂತ್ರಪಿಂಡ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಅದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ಆ ಹಾರ್ಮೋನು ಮಜ್ಜೆಯ ಎಳೆಯ ಕೋಶಗಳ ಮೇಲಿರುವ ಗ್ರಾಹಕಕ್ಕೆ ಬಂದು ತಗಲುತ್ತದೆ, ಗ್ರಾಹಕದ ಒಳಬದಿಗೆ ಅಂಟಿಕೊಂಡೇ ಇರುವ ಜ್ಯಾಕ್2 ಎಂಬ ಕೈನೇಸು ಆಗ ಎಚ್ಚೆತ್ತು ‘ಇನ್ನಷ್ಟು ಕಣಗಳು ಬೇಕು’ ಎಂಬ ಸುದ್ದಿಯನ್ನು ಕೋಶದ ಒಳಕ್ಕೆ ಮುಟ್ಟಿಸುತ್ತದೆ. ಪ್ಲೇಟ್‌ಲೆಟ್‌ಗಳನ್ನು ಹುಟ್ಟಿಸುವ ಹಾರ್ಮೋನಿನ ಗ್ರಾಹಕಕ್ಕೂ ಇದೇ ಜ್ಯಾಕ್2 ಬೇಕು. ಇದು ಇಲ್ಲದಂತೆ ಮಾಡಿದ ಇಲಿಗಳ ಭ್ರೂಣಗಳು ಕೆಂಪು ರಕ್ತಕಣ ಬೆಳೆಯದೆ ಗರ್ಭದಲ್ಲೇ ಸಾಯುತ್ತವೆ ಎಂಬುದು 1998ರಲ್ಲಿ ಖಚಿತವಾಯಿತು.

ಜ್ಯಾಕ್ ಎಂಬುದು ಜೇನಸ್ ಕೈನೇಸ್ ಎಂಬುದರ ಮೊಟಕು ರೂಪ. ಜೇನಸ್ ಎಂದರೆ ಎರಡು ಮುಖಗಳಿರುವ ರೋಮನ್ ದೇವತೆ. ಈ ಪ್ರೋಟೀನಿನಲ್ಲಿ ಒಂದರ ಪಕ್ಕದಲ್ಲೊಂದು ಎರಡು ಕೈನೇಸ್ ಭಾಗಗಳಿವೆ: ಒಂದು ನಿಜವಾದದ್ದು, ಫಾಸ್ಫೇಟ್ ಅಂಟಿಸುವಂಥದು; ಇನ್ನೊಂದು ಹುಸಿ. ಮೊದಮೊದಲು ಈ ಎರಡನೆಯದು ಏಕಿದೆ ಎಂದು ಯಾರಿಗೂ ತಿಳಿದಿರಲಿಲ್ಲ. 2000ದಲ್ಲಿ ಫಿನ್ಲೆಂಡಿನ ಸಂಶೋಧಕರು ಆ ಹುಸಿ ಭಾಗವನ್ನೇ ಕತ್ತರಿಸಿ ತೆಗೆದು ನೋಡಿದಾಗ ನಿಜವಾದ ಭಾಗ ಸುಮ್ಮನಿರಬೇಕಾದ ಹೊತ್ತಿನಲ್ಲೂ ಚುರುಕಾಗಿ ಕೆಲಸ ಮಾಡತೊಡಗಿತು. ಹುಸಿ ಭಾಗ ನಿಜವಾದ ಭಾಗವನ್ನು ಹಿಡಿದು ನಿಲ್ಲಿಸಿಕೊಂಡಿತ್ತು ಎಂದು ಇದರಿಂದ ತಿಳಿಯಿತು.

ಇಲ್ಲಿ ಹಣ್ಣುನೊಣದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಬಾಳೆಹಣ್ಣಿನ ಮೇಲೆ ಮುತ್ತುವ ಆ ಪುಟ್ಟ ನೊಣದಲ್ಲಿಯೂ ಒಂದು ಜ್ಯಾಕ್ ಇದೆ, ಅದರಲ್ಲಿಯೂ ಹುಸಿಕೈನೇಸ್ ಭಾಗವಿದೆ. ಈ ಹುಸಿ ಭಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದ ನೊಣಗಳಲ್ಲಿ ರಕ್ತಕಣಗಳು ಮಿತಿಮೀರಿ ಹುಟ್ಟಿ ಗಡ್ಡೆಗಟ್ಟುತ್ತವೆ ಎಂದೂ, ಅದಕ್ಕೆ ಸಮನಾದ ಬದಲಾವಣೆಯನ್ನು ಇಲಿಯ ಜ್ಯಾಕ್2ರಲ್ಲಿ ಮಾಡಿದರೆ ಅದು ಕೂಡ ಕಡಿವಾಣ ತಪ್ಪುತ್ತದೆ ಎಂದೂ 1997ರಲ್ಲೇ ಪ್ರಕಟವಾಗಿತ್ತು. ಮನುಷ್ಯನ ಕಾಯಿಲೆಯಲ್ಲಿ ಇದೇ ಬಗೆಯ ದೋಷ ಪತ್ತೆಯಾಗಲು ಇನ್ನೂ ಎಂಟು ವರ್ಷ ಹಿಡಿಯಿತು. ನೊಣದ ಮೇಲೆ ಸಂಶೋಧನೆ ಮಾಡಿ ಏನು ಪ್ರಯೋಜನ ಎಂದು ಕೇಳುವವರನ್ನು ಈಗಲೂ ಕಾಣುತ್ತೇನೆ. ಆಗೆಲ್ಲ ಈ ಎಂಟು ವರ್ಷ ನನಗೆ ನೆನಪಾಗುತ್ತದೆ.

ಮನುಷ್ಯನ ಆ ಕಾಯಿಲೆಯ ಹೆಸರು ಪಾಲಿಸೈಥೀಮಿಯಾ ವೀರಾ. ಕೆಂಪು ರಕ್ತಕಣಗಳು ಹಾರ್ಮೋನಿನ ಆಜ್ಞೆಗೆ ಕಾಯದೆ ಹೆಚ್ಚುತ್ತಲೇ ಹೋಗುವ ಕಾಯಿಲೆ ಅದು. ಪ್ಲೇಟ್‌ಲೆಟ್‌ಗಳು ಹೆಚ್ಚುವ ಥ್ರಾಂಬೊಸೈಥೀಮಿಯಾ, ಮಜ್ಜೆ ನಾರುಗಟ್ಟುವ ಮೈಲೋಫೈಬ್ರೋಸಿಸ್ ಇದರ ಹತ್ತಿರದ ನೆಂಟರು. ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದ ಕಾಯಿಲೆಗಳಿರಬೇಕು ಎಂದು ಅಮೆರಿಕದ ವಿಲಿಯಂ ಡೇಮ್‌ಶೆಕ್ 1951ರಲ್ಲೇ ಊಹಿಸಿದ್ದರು. ಈ ರೋಗಿಗಳ ಮಜ್ಜೆಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಎರಿಥ್ರೋಪೊಯೆಟಿನ್ ಹಾಕದೆಯೂ ಕೆಂಪು ಕಣಗಳ ಗುಂಪುಗಳು ಮೂಡುತ್ತವೆ ಎಂದು 1974ರಲ್ಲಿ ಕೆನಡಾದಲ್ಲಿ ಗೊತ್ತಾಯಿತು. ಕಾರಣ ತಿಳಿದದ್ದು 2005ರಲ್ಲಿ. ಫ್ರಾನ್ಸಿನ ವಿಲಿಯಂ ವೇನ್‌ಶೆಂಕರ್, ಕೇಂಬ್ರಿಜ್‌ನ ಆಂಟನಿ ಗ್ರೀನ್, ಬಾಸೆಲ್‌ನ ರಾಡೆಕ್ ಸ್ಕೋಡಾ, ಬಾಸ್ಟನ್ನಿನ ಗ್ಯಾರಿ ಗಿಲಿಲ್ಯಾಂಡ್ ಅವರ ನಾಲ್ಕು ಗುಂಪುಗಳು ಕೆಲವೇ ವಾರಗಳ ಅಂತರದಲ್ಲಿ ಒಂದೇ ಸಂಗತಿಯನ್ನು ವರದಿ ಮಾಡಿದವು: ಜ್ಯಾಕ್2ರ 617ನೆಯ ಸ್ಥಾನದಲ್ಲಿ ವ್ಯಾಲೀನ್ ಇರಬೇಕಾದಲ್ಲಿ ಫಿನೈಲ್ ಅಲನೀನ್ ಬಂದು ಕುಳಿತಿದೆ. ಪಾಲಿಸೈಥೀಮಿಯಾ ವೀರಾ ಇರುವ ನೂರಕ್ಕೆ 95 ಮಂದಿಯಲ್ಲಿ, ಉಳಿದೆರಡು ಕಾಯಿಲೆಗಳಿರುವ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಒಂದೇ ಬದಲಾವಣೆ ಕಾಣುತ್ತದೆ. ಆ 617ನೆಯ ಸ್ಥಾನ ಇರುವುದು ನಿಜವಾದ ಕೈನೇಸಿನಲ್ಲಲ್ಲ, ಹುಸಿ ಎಂದು ಬದಿಗಿಟ್ಟಿದ್ದ ಭಾಗದಲ್ಲಿ. ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಆ ಪ್ರೋಟೀನಿನಲ್ಲಿ ಒಂದೇ ಒಂದು ಬದಲಾದರೆ ತೂಬು ಮುಚ್ಚಿಕೊಳ್ಳುವುದೇ ಇಲ್ಲ.

ಈಗ ನನ್ನ ಅಣ್ಣನ ವಿಷಯ. ಅವರು ಅಡಿಕೆ ತೋಟ ನೋಡಿಕೊಂಡಿರುವವರು. ಬೀಡಿ ಸಿಗರೇಟಿನ ಅಭ್ಯಾಸ ಎಂದೂ ಇರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಮುಖ ಕೆಂಪಗಾಯಿತು, ಆಗಾಗ ತಲೆಭಾರ, ಪಾದದ ಬೆರಳುಗಳಲ್ಲಿ ಉರಿ. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು, ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮುಗಿಸಿ ಬಂದೊಡನೆ ಮೈಯೆಲ್ಲ ಏಳುತ್ತಿದ್ದ ತುರಿಕೆ; ಗಂಧೆಯೂ ಇಲ್ಲ, ಗುಳ್ಳೆಯೂ ಇಲ್ಲ, ಬರೀ ತುರಿಕೆ. ಸೋಪು ಬದಲಾಯಿಸಿದರು, ಮುಲಾಮು ಹಚ್ಚಿದರು. ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 18.9 ಬಂತು. ‘ರಕ್ತ ಬಹಳ ಚೆನ್ನಾಗಿದೆ, ಈ ವಯಸ್ಸಿಗೆ ಇಷ್ಟು ರಕ್ತ ಯಾರಿಗಿರುತ್ತದೆ’ ಎಂದು ಅಲ್ಲಿ ಹೇಳಿ ಕಳಿಸಿದರು. ಆ ಚೀಟಿಯನ್ನು ಅಣ್ಣ ನನಗೂ ತೋರಿಸಿದ್ದರು. ರಕ್ತಹೀನತೆಯನ್ನೇ ನೋಡಿ ನೋಡಿ ಅಭ್ಯಾಸವಾದ ನಮ್ಮ ಕಣ್ಣಿಗೆ ಆ ಸಂಖ್ಯೆ ಸಮಾಧಾನವನ್ನೇ ತಂದಿತು. ತರಗತಿಯಲ್ಲಿ ಇದೇ ಜ್ಯಾಕ್2ರ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ನನಗೂ ಅದು ಹೊಳೆಯಲಿಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ. ಒಂದೂವರೆ ವರ್ಷದ ಮೇಲೆ ಒಂದು ಮುಂಜಾನೆ ಅವರ ಎಡಗೈ ಎತ್ತಲಾಗದಂತಾಯಿತು, ಮಾತು ತೊದಲಿತು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಮೇಲೆ ರಕ್ತರೋಗ ತಜ್ಞರೊಬ್ಬರು ಹಳೆಯ ಚೀಟಿಗಳನ್ನೆಲ್ಲ ಹರಡಿ ನೋಡಿ, ಜ್ಯಾಕ್2 ಪರೀಕ್ಷೆ ಮಾಡಿಸಿದಾಗ ಅದೇ 617ನೆಯ ಸ್ಥಾನದ ದೋಷ ಕಂಡಿತು.

ಹಿಂದಿನ ಆಸ್ಪತ್ರೆಯ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ಹಿಮೋಗ್ಲೋಬಿನ್ ಹೆಚ್ಚಿದ್ದವರಿಗೆಲ್ಲ ಈ ಕಾಯಿಲೆ ಇರುತ್ತದೆ ಎಂದೂ ಯಾರೂ ತಿಳಿಯಬಾರದು. ಧೂಮಪಾನ, ಶ್ವಾಸಕೋಶದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮೈಯಲ್ಲಿ ನೀರಿನಂಶ ಕಡಿಮೆಯಾಗುವುದು, ಇವೆಲ್ಲ ಹೆಚ್ಚು ಸಾಮಾನ್ಯ ಕಾರಣಗಳು. ಆದರೆ ಹಿಮೋಗ್ಲೋಬಿನ್ ಗಂಡಸರಲ್ಲಿ 16.5ಕ್ಕಿಂತ, ಹೆಂಗಸರಲ್ಲಿ 16ಕ್ಕಿಂತ ಮೇಲೆಯೇ ನಿಂತಿದ್ದರೆ ಕಾರಣ ಹುಡುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವೇ ಸೂಚಿಸುತ್ತದೆ. ಯಕೃತ್ತಿನ ರಕ್ತನಾಳದಲ್ಲಿ ಕಾರಣವಿಲ್ಲದೆ ರಕ್ತ ಹೆಪ್ಪುಗಟ್ಟಿದವರಲ್ಲಿಯೂ ಜ್ಯಾಕ್2 ದೋಷ ಇದೆಯೇ ಎಂದು ನೋಡಬೇಕು. ಪರೀಕ್ಷೆಗೆ ತೋಳಿನ ರಕ್ತ ಸಾಕು. ಬರೀ ಈ ದೋಷವನ್ನು ಪತ್ತೆಹಚ್ಚಲು ಮಜ್ಜೆ ತೆಗೆಯಬೇಕಾಗಿಲ್ಲ. ಕಾಯಿಲೆ ಖಚಿತವಾದ ಮೇಲಿನ ಚಿಕಿತ್ಸೆಯೂ ಬಹುಪಾಲು ರೋಗಿಗಳ ಕೈಗೆಟುಕುವಂಥದೇ: ಆಗಾಗ ರಕ್ತ ತೆಗೆದು, ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲನ್ನು ಹೇಳುವ ಹಿಮಟೋಕ್ರಿಟ್ ಎಂಬ ಅಳತೆಯನ್ನು 45ರ ಕೆಳಗೆ ಇಡುವುದು, ಕಡಿಮೆ ಪ್ರಮಾಣದ ಆಸ್ಪಿರಿನ್, ಅಪಾಯ ಹೆಚ್ಚಿರುವವರಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ. 45ರ ಈ ಗಡಿ ಬರೀ ವಾಡಿಕೆಯ ಮಾತಲ್ಲ. ಅದರ ಕೆಳಗಿಟ್ಟವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳು ಬಹಳ ಕಡಿಮೆ ಎಂದು ಇಟಲಿಯಲ್ಲಿ ನಡೆದ ಪ್ರಯೋಗವೊಂದು 2013ರಲ್ಲಿ ತೋರಿಸಿತು.

ಇನ್ನೊಂದು ಭಯವನ್ನು ಇಲ್ಲಿಯೇ ನಿವಾರಿಸಬೇಕು. ‘ಜೀನ್ ದೋಷ’ ಎಂದೊಡನೆ ನಮ್ಮ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ, ಮಕ್ಕಳಿಗೂ ಬರುತ್ತದೆಯೇ ಎಂಬುದು. ಅತ್ತಿಗೆಯವರು ಮಗಳ ಮದುವೆಯ ಮಾತುಕತೆಯನ್ನೇ ನಿಲ್ಲಿಸಿಬಿಟ್ಟಿದ್ದರು. ಈ ದೋಷ ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವಂಥದೂ ಅಲ್ಲ. ಬದುಕಿನ ಯಾವುದೋ ಘಟ್ಟದಲ್ಲಿ ಮಜ್ಜೆಯ ಒಂದೇ ಒಂದು ಕಾಂಡಕೋಶದಲ್ಲಿ ಆದ ಬದಲಾವಣೆ ಅದು. ಆ ಕೋಶದ ಸಂತತಿಯಲ್ಲಿ ಮಾತ್ರ ಇರುತ್ತದೆ. ಈ ಬದಲಾವಣೆ ರೋಗ ತಿಳಿಯುವುದಕ್ಕೆ ಹಲವು ದಶಕಗಳ ಮೊದಲೇ, ಕೆಲವರಲ್ಲಿ ಬಾಲ್ಯದಲ್ಲೇ ಆಗಿರುತ್ತದೆ ಎಂದು ಈಚಿನ ಅಧ್ಯಯನಗಳು ಕಂಡುಕೊಂಡಿವೆ. ಅಷ್ಟು ವರ್ಷ ಮೆಲ್ಲನೆ ಬೆಳೆಯುವ ಕಾಯಿಲೆಯನ್ನು ಮೊದಲೇ ಹಿಡಿಯಲು ಅವಕಾಶವಿದೆ ಎಂದೂ ಅದರಿಂದ ಅರ್ಥವಾಗುತ್ತದೆ.

ಇನ್ನು ಲ್ಯುಕೇಮಿಯಾದ, ಎಂದರೆ ಬಿಳಿ ರಕ್ತಕಣಗಳ ಕ್ಯಾನ್ಸರಿನ ಮಾತು. ಮೇಲೆ ಹೇಳಿದ ಕಾಯಿಲೆಗಳು ಬಹುಮಟ್ಟಿಗೆ ನಿಧಾನವಾಗಿ ಸಾಗುವಂಥವು. ಕೆಲವರಲ್ಲಿ ಮಾತ್ರ, ಮುಖ್ಯವಾಗಿ ಮೈಲೋಫೈಬ್ರೋಸಿಸ್ ಇರುವವರಲ್ಲಿ, ಅವು ತೀವ್ರ ಲ್ಯುಕೇಮಿಯಾಕ್ಕೆ ತಿರುಗುತ್ತವೆ. ಆದರೆ ಜ್ಯಾಕ್2ರ ಇದೇ ಹುಸಿ ಭಾಗದ ಇನ್ನೊಂದು ಸ್ಥಾನ ನೇರವಾಗಿ ಮಕ್ಕಳ ಲ್ಯುಕೇಮಿಯಾಕ್ಕೆ ಸಂಬಂಧಿಸಿದ್ದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಲ್ಯುಕೇಮಿಯಾ ಬರುವ ಸಂಭವ ಉಳಿದ ಮಕ್ಕಳಿಗಿಂತ ಹತ್ತಿಪ್ಪತ್ತು ಪಟ್ಟು ಹೆಚ್ಚು. ಅವರಿಗೆ ಬರುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದಲ್ಲಿ ಐದರಲ್ಲೊಂದು ಪಾಲಿನಷ್ಟು ಮಕ್ಕಳಲ್ಲಿ ಜ್ಯಾಕ್2ರ 683ನೆಯ ಸ್ಥಾನದ ಆರ್ಜಿನೀನ್ ಬದಲಾಗಿರುತ್ತದೆ ಎಂದು 2008ರಲ್ಲಿ ಪತ್ತೆಯಾಯಿತು. 617 ಕೆಟ್ಟರೆ ಕೆಂಪು ಕಣ ಉಕ್ಕುತ್ತದೆ, 683 ಕೆಟ್ಟರೆ ಬಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಎಳೆಯ ಕೋಶಗಳು ಉಕ್ಕುತ್ತವೆ. ಒಂದೇ ಜೀನಿನ ಒಂದೇ ಭಾಗದಲ್ಲಿ, ಅರುವತ್ತಾರು ಅಮೈನೋ ಆಮ್ಲಗಳ ಅಂತರದಲ್ಲಿ, ಎರಡು ಬೇರೆ ಬೇರೆ ಕಾಯಿಲೆಗಳು ಇವು. ಯಾವ ಕೆಲಸವೂ ಇಲ್ಲದ ಭಾಗವಾಗಿದ್ದರೆ ಹೀಗಾಗುತ್ತಿತ್ತೇ ಎಂದು ಲೇಖಕರು ಯೋಚಿಸಬೇಕು.

ಎಲ್ಲ ಹುಸಿಕೈನೇಸ್‌ಗಳೂ ತೂಬು ಮುಚ್ಚುವವೇ ಎಂದೂ ಹೇಳಲಾಗದು. ಟ್ರಿಬ್2 ಎಂಬುದರ ಸ್ವಭಾವ ಬೇರೆ. ಟ್ರಿಬ್ ಕುಟುಂಬವನ್ನು ಮೊದಲು ಗುರುತಿಸಿದ್ದು, ಮತ್ತೆ ಹಣ್ಣುನೊಣದಲ್ಲಿಯೇ, 2000ದಲ್ಲಿ. ಇದು ಒಂದು ಕೈಯಲ್ಲಿ ಒಂದು ಪ್ರೋಟೀನನ್ನೂ ಇನ್ನೊಂದು ಕೈಯಲ್ಲಿ ಪ್ರೋಟೀನ್‌ಗಳಿಗೆ ‘ವಿಲೇವಾರಿಗೆ ಯೋಗ್ಯ’ ಎಂಬ ಗುರುತು ಹಚ್ಚುವ ಕಾಪ್1 ಎಂಬ ಕಿಣ್ವವನ್ನೂ ಹಿಡಿದು ಎರಡನ್ನೂ ಹತ್ತಿರ ತರುತ್ತದೆ. ಹಾಗೆ ಅದು ನಾಶಕ್ಕೆ ಒಪ್ಪಿಸುವ ಪ್ರೋಟೀನುಗಳಲ್ಲಿ ಒಂದು ಸಿಇಬಿಪಿ-ಆಲ್ಫಾ. ಮಜ್ಜೆಯ ಎಳೆಯ ಕೋಶವು ಬಲಿತ ಬಿಳಿ ರಕ್ತಕಣವಾಗಬೇಕಾದರೆ ಈ ಸಿಇಬಿಪಿ-ಆಲ್ಫಾ ಬೇಕೇ ಬೇಕು. ಟ್ರಿಬ್2 ಮಿತಿಮೀರಿದರೆ ಅದು ಇಲ್ಲವಾಗುತ್ತದೆ, ಕೋಶಗಳು ಬಲಿಯುವುದೇ ಇಲ್ಲ, ಎಳೆಯವಾಗಿಯೇ ದುಪ್ಪಟ್ಟಾಗುತ್ತ ಹೋಗುತ್ತವೆ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಎಂದರೆ ಇದೇ ಅಲ್ಲವೇ? ಇಲಿಗಳ ಮಜ್ಜೆಯಲ್ಲಿ ಟ್ರಿಬ್2 ಹೆಚ್ಚಿಸಿದರೆ ಅವುಗಳಿಗೆ ಈ ಲ್ಯುಕೇಮಿಯಾ ಬರುತ್ತದೆ ಎಂದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ಫಾಸ್ಫೇಟ್ ಅಂಟಿಸದೆಯೇ, ಬರೀ ಇಬ್ಬರನ್ನು ಜೊತೆಗೂಡಿಸುವುದರಿಂದ ಆಗುವ ಹಾನಿ ಇದು.

ಇದೆಲ್ಲ ಹೆಸರಿನ ಚರ್ಚೆ ಮಾತ್ರವಲ್ಲ, ಔಷಧದ ಪ್ರಶ್ನೆಯೂ ಹೌದು. ಅಮೆರಿಕದಲ್ಲಿ 2011ರಲ್ಲಿ ಮೈಲೋಫೈಬ್ರೋಸಿಸ್‌ಗೆ ಅನುಮತಿ ಪಡೆದ ರುಕ್ಸೊಲಿಟಿನಿಬ್ ಎಂಬ ಔಷಧ ಜ್ಯಾಕ್2ರ ನಿಜವಾದ ಕೈನೇಸ್ ಭಾಗದಲ್ಲಿ ಹೋಗಿ ಕೂರುತ್ತದೆ. ಉಬ್ಬಿದ ಗುಲ್ಮ ಕುಗ್ಗುತ್ತದೆ, ರೋಗಿಯ ಸಂಕಟ ಕಡಿಮೆಯಾಗುತ್ತದೆ, ಅದು ದೊಡ್ಡ ಉಪಕಾರವೇ ಸರಿ. ಆದರೆ ಅದು ದೋಷವಿರುವ ಜ್ಯಾಕ್2ನ್ನೂ ಸರಿಯಾಗಿರುವ ಜ್ಯಾಕ್2ನ್ನೂ ಬೇರ್ಪಡಿಸಿ ನೋಡಲಾರದು. ಆದ್ದರಿಂದಲೇ ರೋಗಿಗೆ ರಕ್ತಹೀನತೆ ತಲೆದೋರುತ್ತದೆ, ದೋಷವಿರುವ ಕೋಶಗಳ ಸಂತತಿ ಬಹುಪಾಲು ಉಳಿದುಕೊಳ್ಳುತ್ತದೆ. ದೋಷ ಇರುವುದು ಹುಸಿ ಭಾಗದಲ್ಲಿ, ಆದ್ದರಿಂದ ಔಷಧವೂ ಅಲ್ಲಿಗೇ ಹೋಗಬೇಕು ಎಂಬ ಯೋಚನೆ ಈಗ ಬಲವಾಗಿದೆ. ಅದು ಬರೀ ಆಸೆಯಲ್ಲ ಎನ್ನುವುದಕ್ಕೆ ಸಾಕ್ಷಿಯೂ ಇದೆ: ಜ್ಯಾಕ್2ರ ಸೋದರ ಪ್ರೋಟೀನಾದ ಟಿಕ್2ರ ಹುಸಿಕೈನೇಸ್ ಭಾಗಕ್ಕೇ ಅಂಟುವ ಡ್ಯೂಕ್ರವಾಸಿಟಿನಿಬ್ ಎಂಬ ಮಾತ್ರೆಗೆ 2022ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗದ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕೆಲಸಕ್ಕೆ ಬಾರದ್ದು ಎಂದು ಇಡೀ ಲೋಕವೇ ಕೈಬಿಟ್ಟಿದ್ದರೆ ಅಂಥ ಔಷಧವನ್ನು ಹುಡುಕುವ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ಅಷ್ಟೇ ಏಕೆ, ಜ್ಯಾಕ್2ರ ಹುಸಿ ಭಾಗವು ಅಲ್ಪಸ್ವಲ್ಪ ಫಾಸ್ಫೇಟನ್ನೂ ಅಂಟಿಸುತ್ತದೆ, ಅದೂ ತನ್ನ ಪ್ರೋಟೀನನ್ನು ಹತೋಟಿಯಲ್ಲಿಡುವ ಸ್ಥಾನಗಳಿಗೇ ಅಂಟಿಸುತ್ತದೆ ಎಂದು ಫಿನ್ಲೆಂಡಿನ ಅದೇ ಗುಂಪು 2011ರಲ್ಲಿ ತೋರಿಸಿದ ಮೇಲೆ, ‘ಹುಸಿ’ ಎಂಬ ಹೆಸರೇ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ.

ನನ್ನ ಕೋರಿಕೆಗಳು ಎರಡು. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತಕಣಗಳ ಎಣಿಕೆಯನ್ನು ಈಗ ಯಂತ್ರವೇ ಮಾಡಿಕೊಡುತ್ತದೆ. ಆ ಚೀಟಿಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಎಲ್ಲರೂ ಗಮನಿಸುತ್ತಾರೆ, ಹೆಚ್ಚಿದ್ದರೆ ಯಾರೂ ಕೇಳುವುದಿಲ್ಲ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿದಾಗಲೂ ಹೆಚ್ಚೇ ಇದ್ದರೆ ರಕ್ತದ ಮಾದರಿಯನ್ನು ಜ್ಯಾಕ್2 ಪರೀಕ್ಷೆಗೆ ಕಳಿಸುವ ಏರ್ಪಾಡನ್ನು, ಬಡವರ ಖರ್ಚನ್ನು ತಾನೇ ವಹಿಸಿಕೊಂಡು, ಆರೋಗ್ಯ ಇಲಾಖೆ ಮಾಡಬೇಕು. ಎರಡನೆಯದು ತಮ್ಮಲ್ಲಿ. ಲೇಖನದಲ್ಲಿನ ಆ ಒಂದು ವಾಕ್ಯವನ್ನು ತಿದ್ದಿ, ‘ಹುಸಿಕೈನೇಸ್‌ಗಳು ಬಹುಪಾಲು ಫಾಸ್ಫೇಟ್ ಅಂಟಿಸದಿದ್ದರೂ ರಕ್ತಕಣಗಳ ಹುಟ್ಟು ಮತ್ತು ಬೆಳವಣಿಗೆಯನ್ನು ಹತೋಟಿಯಲ್ಲಿಡುವಲ್ಲಿ ಅವುಗಳ ಪಾತ್ರ ಮುಖ್ಯವಾದದ್ದು’ ಎಂದು ಅದೇ ಪುರವಣಿಯಲ್ಲಿ, ಸಾಧ್ಯವಾದರೆ ಅದೇ ಪುಟದಲ್ಲಿ ಪ್ರಕಟಿಸಬೇಕು. ಅಣ್ಣ ತಮ್ಮ ಪತ್ರಿಕೆಯನ್ನು ಪ್ರತಿದಿನ ಓದುವವರು. ಆ ಲೇಖನ ಓದಿದ ದಿನ ಅವರು ನನಗೆ ಫೋನು ಮಾಡಿ, ‘ಏನೂ ಕೆಲಸ ಮಾಡದ ಜೀನು ಕೆಟ್ಟರೆ ನನಗೇಕೆ ಹೀಗಾಗಬೇಕಿತ್ತು, ವೈದ್ಯರು ಹೇಳಿದ್ದು ತಪ್ಪಿರಬಹುದೇ, ಮಾತ್ರೆ ನಿಲ್ಲಿಸಲೇ’ ಎಂದು ಕೇಳಿದರು. ನಿಲ್ಲಿಸಬೇಡಿ ಎಂದು ನಾನು ಹೇಳಿದೆ. ಹಾಗೆ ಕೇಳಲು ಮನೆಯಲ್ಲಿ ಯಾರೂ ಇಲ್ಲದ ಓದುಗರಿಗಾಗಿ ಈ ತಿದ್ದುಪಡಿ ಬೇಕು.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಜೀವರಸಾಯನಶಾಸ್ತ್ರ ಅಧ್ಯಾಪಕ, ದಾವಣಗೆರೆ